ಮಾಂಸದ ಕೋಳಿಗಳ ಆಹಾರದಲ್ಲಿ ಜೀರ್ಣಕಾರಿ ಕಿಣ್ವಗಳು

ಮಾಂಸಕ್ಕಾಗಿಯೇ ಬೆಳೆಸುವ, ರೈತರು ಬ್ರಾಯ್ಲರ್ ಎಂದು ಕರೆಯುವ ಕೋಳಿಗಳ ಆಹಾರಕ್ಕೆ ಅತ್ಯಲ್ಪ ಪ್ರಮಾಣದಲ್ಲಿ ಬೆರೆತು, ಆ ಹಕ್ಕಿಯ ಜೀರ್ಣಾಂಗಗಳು ತಾವಾಗಿ ಒಡೆಯಲಾರದ ಧಾನ್ಯಾಂಶಗಳನ್ನು ಒಡೆದು, ಅವುಗಳಲ್ಲಿ ಸೆರೆಯಾಗಿರುವ ಪೋಷಕದ್ರವ್ಯಗಳನ್ನು ಶರೀರಕ್ಕೆ ದೊರಕಿಸುವ ಪ್ರೋಟೀನುಗಳಿಗೆ ಆಹಾರಕಿಣ್ವಗಳೆಂದು ಹೆಸರು. ಇವು ಸ್ವತಃ ಆಹಾರವಲ್ಲ. ಒಂದು ಟನ್ ಆಹಾರಕ್ಕೆ ನೂರು ಗ್ರಾಮಿನಷ್ಟು ಹಾಕುವ ಪುಡಿಯಿಂದ ಹಕ್ಕಿಗೆ ನೇರವಾಗಿ ದೊರೆಯುವ ಪುಷ್ಟಿ ಶೂನ್ಯಕ್ಕೆ ಸಮಾನ. ಕಾಳಿನಲ್ಲಿ ಮೊದಲೇ ಇದ್ದು, ಇದ್ದೂ ಇಲ್ಲದಂತೆ ಹಿಕ್ಕೆಯೊಡನೆ ಹೊರಬೀಳುತ್ತಿದ್ದ ಸತ್ತ್ವವನ್ನು ಬಿಡಿಸಿಕೊಡುವುದಷ್ಟೇ ಇವುಗಳ ಕಾರ್ಯ. ಆದುದರಿಂದ ಯಾವ ಧಾನ್ಯದಲ್ಲಿ ಏನು ಸೆರೆಯಾಗಿದೆ ಎಂಬುದನ್ನು ತಿಳಿಯದೆ ಯಾವ ಕಿಣ್ವ ಉತ್ತಮವೆಂದು ಕೇಳುವುದು, ಬೀಗವನ್ನು ನೋಡದೆ ಬೀಗದ ಕೈಯನ್ನು ಕೊಳ್ಳಹೊರಟಂತೆ. ಎಮಿಲ್ ಫಿಷರ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞನು 1894ರಲ್ಲಿ ಕಿಣ್ವಕ್ಕೂ ಅದು ವರ್ತಿಸುವ ವಸ್ತುವಿಗೂ ಇರುವ ಸಂಬಂಧವನ್ನು ವಿವರಿಸಲು ಇದೇ ಉಪಮೆಯನ್ನು ಬಳಸಿದನು.

‘ಕಿಣ್ವ’ವೆಂಬುದು ಹೊಸದಾಗಿ ಕಟ್ಟಿದ ಪದವಲ್ಲ. ಸುರೆಯನ್ನು ಹುದುಗಿಸುವ ಬೀಜದ್ರವ್ಯಕ್ಕೆ ಸಂಸ್ಕೃತದಲ್ಲಿ ಪುರಾತನ ಕಾಲದಿಂದಲೂ ಈ ಹೆಸರಿದ್ದು, ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಪ್ರಕರಣದಲ್ಲಿ ಅದರ ಪ್ರಸ್ತಾಪವಿದೆ. ಜರ್ಮನಿಯ ವಿಲ್ಹೆಲ್ಮ್ ಕ್ಯೂನೆ 1877ರಲ್ಲಿ ಬಳಕೆಗೆ ತಂದ ‘ಎನ್‌ಜೈಮ್’ ಎಂಬ ಗ್ರೀಕ್ ಮೂಲದ ಶಬ್ದಕ್ಕೂ ಹುದುಗಿನೊಳಗಿರುವುದು ಎಂದೇ ಅರ್ಥ. ಎರಡು ಬೇರೆ ಬೇರೆ ಭಾಷೆಗಳು ಒಂದೇ ಹುದುಗಿನ ಗಡಿಗೆಯಿಂದ ಈ ವಸ್ತುವಿಗೆ ಹೆಸರನ್ನು ಎತ್ತಿಕೊಂಡಿರುವುದು ಗಮನಾರ್ಹವಾಗಿದೆ. ಇಂದಿಗೂ ಕೋಳಿಯ ಆಹಾರಕ್ಕೆ ಬೇಕಾದ ಕಿಣ್ವಗಳೆಲ್ಲ ಬೂಷ್ಟು, ಯೀಸ್ಟು, ಬ್ಯಾಕ್ಟೀರಿಯಗಳನ್ನು ಹುದುಗಿಸಿಯೇ ತಯಾರಾಗುತ್ತಿರುವುದರಿಂದ ಆ ಹೆಸರು ಸಾರ್ಥಕವೂ ಆಗಿದೆ.

ಕಿಣ್ವದ ಅಗತ್ಯವನ್ನು ಅರಿಯಬೇಕಾದರೆ ಕೋಳಿಯ ಜೀರ್ಣಮಾರ್ಗವನ್ನು ಒಮ್ಮೆ ಅನುಸರಿಸಿ ನೋಡಬೇಕು. ಹಕ್ಕಿಗೆ ಹಲ್ಲಿಲ್ಲ. ಕೊಕ್ಕಿನಿಂದ ನುಂಗಿದ ಕಾಳು ಕತ್ತಿನ ಬುಡದಲ್ಲಿರುವ ಆಹಾರಚೀಲದಲ್ಲಿ ಕೆಲಕಾಲ ನೆನೆದು, ಆಮ್ಲವನ್ನೂ ಪೆಪ್ಸಿನನ್ನೂ ಸ್ರವಿಸುವ ಗ್ರಂಥಿಮಯ ಜಠರವನ್ನು ದಾಟಿ, ಬಲಿಷ್ಠ ಸ್ನಾಯುಗಳಿಂದ ಕೂಡಿದ ಅರೆಯುವ ಜಠರದಲ್ಲಿ ನುಣ್ಣಗಾಗಿ, ಅಲ್ಲಿಂದ ಸಣ್ಣ ಕರುಳನ್ನು ಸೇರುತ್ತದೆ. ಮೇದೋಜೀರಕ ಗ್ರಂಥಿಯಿಂದ ಬರುವ ಅಮೈಲೇಸ್ ಪಿಷ್ಟವನ್ನೂ, ಟ್ರಿಪ್ಸಿನ್ ಪ್ರೋಟೀನನ್ನೂ, ಲೈಪೇಸ್ ಕೊಬ್ಬನ್ನೂ ಒಡೆಯುವುದು ಇಲ್ಲಿಯೇ. ಮೊಟ್ಟೆಯೊಡೆದು ಬಂದ ಮರಿಯಲ್ಲಿ ಈ ಸ್ರಾವಗಳು ಮೊದಲ ಕೆಲವು ದಿನ ಮಿತವಾಗಿದ್ದು, ಎರಡು ಮೂರು ವಾರಗಳಲ್ಲಿ ಪೂರ್ಣ ಸಾಮರ್ಥ್ಯಕ್ಕೆ ಏರುತ್ತವೆ. ತಿಂದ ಆಹಾರ ಬಾಯಿಂದ ಹೊರದ್ವಾರದವರೆಗೆ ಸಾಗಲು ಕೆಲವೇ ಗಂಟೆಗಳು ಸಾಕು. ಹಸುವಿನ ಹೊಟ್ಟೆಯಲ್ಲಿರುವಂತೆ ನಾರನ್ನು ನಿಧಾನವಾಗಿ ಕೊಳೆಸಿ ಒಡೆಯುವ ಸೂಕ್ಷ್ಮಜೀವಿಗಳ ವಿಶಾಲವಾದ ಕೊಪ್ಪರಿಗೆ ಇಲ್ಲಿಲ್ಲ; ಎರಡು ಅಂಧಕರುಳುಗಳಲ್ಲಿ ಅಂಥ ಕ್ರಿಯೆ ಸ್ವಲ್ಪಮಟ್ಟಿಗೆ ನಡೆಯುವುದಾದರೂ ಅದು ನಡೆಯುವುದು ಸಣ್ಣ ಕರುಳನ್ನು ದಾಟಿದ ಮೇಲೆ. ಹೀಗಾಗಿ ಧಾನ್ಯದ ಜೀವಕೋಶಗಳ ಗೋಡೆಯಾಗಿರುವ ನಾರು ಕೋಳಿಯ ಪಾಲಿಗೆ ಮುಚ್ಚಿದ ಕಣಜವೇ ಸರಿ.

ಬ್ರಾಯ್ಲರ್ ಕೋಳಿಯ ಆಯುಷ್ಯ ಸಾಮಾನ್ಯವಾಗಿ ಆರು ವಾರ. ಅಷ್ಟರಲ್ಲಿ ಸುಮಾರು 40 ಗ್ರಾಂ ತೂಕದ ಮರಿ ಎರಡು ಕೆಜಿಯನ್ನು ಮೀರಿ ಬೆಳೆಯಬೇಕು. ಸಾಕಣೆಯ ಒಟ್ಟು ವೆಚ್ಚದಲ್ಲಿ ಮೂರನೆಯ ಎರಡು ಭಾಗದಷ್ಟು ಆಹಾರಕ್ಕೇ ಹೋಗುವುದರಿಂದ, ಒಂದು ಕೆಜಿ ತೂಕ ಕೂಡಲು ಬೇಕಾದ ಆಹಾರದಲ್ಲಿ ಐವತ್ತು ಗ್ರಾಂ ಉಳಿದರೂ ಸಾಕಣೆದಾರನಿಗೆ ಅದು ಲಾಭನಷ್ಟಗಳ ನಡುವಿನ ಅಂತರವಾಗಬಹುದು.

ಕೋಳಿಗೆ ಹೊರಗಿನಿಂದ ಕಿಣ್ವವನ್ನು ಉಣಿಸುವ ಪ್ರಯತ್ನದ ದಾಖಲೆ 1926ರಷ್ಟು ಹಳೆಯದು. ಆ ವರ್ಷ ಅಮೆರಿಕದ ಕ್ಲಿಕ್‌ನರ್ ಮತ್ತು ಫಾಲ್‌ವೆಲ್ ಎಂಬವರು ಆಸ್ಪರ್‌ಜಿಲ್ಲಸ್ ಒರೈಜೀ ಎಂಬ ಬೂಷ್ಟಿನಿಂದ ಪಡೆದ ಕಿಣ್ವದ್ರವ್ಯವನ್ನು ಕೋಳಿಗಳಿಗೆ ಕೊಟ್ಟು ಅದರ ಫಲವನ್ನು ಪ್ರಕಟಿಸಿದರು. ಜಪಾನಿನಲ್ಲಿ ಅಕ್ಕಿಯ ಮದ್ಯಕ್ಕೂ ಸೋಯಾ ರಸಕ್ಕೂ ಬಳಸುತ್ತಿದ್ದ ಈ ಬೂಷ್ಟನ್ನು ಔಷಧವ್ಯಾಪಾರಕ್ಕೆ ತಂದವನು ಜೋಕಿಚಿ ತಕಮಿನೆ. ತನ್ನ ಪಿಷ್ಟಭಂಜಕ ಕಿಣ್ವಕ್ಕೆ ಆತ 1894ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದಿದ್ದನು. ಕಿಣ್ವವೆಂದರೆ ಪ್ರೋಟೀನೇ ಎಂಬುದನ್ನು ಜೇಮ್ಸ್ ಸಮ್ನರ್ ಯೂರಿಯೇಸಿನ ಹರಳುಗಳನ್ನು ಬೇರ್ಪಡಿಸಿ ತೋರಿಸಿದ್ದೂ ಅದೇ 1926ರಲ್ಲಿಯೇ. ಎಂದರೆ, ವಸ್ತುವಿನ ಸ್ವರೂಪವೇ ಇತ್ಯರ್ಥವಾಗದಿದ್ದ ಕಾಲದಲ್ಲಿ ಅದನ್ನು ಕೋಳಿಯ ಮೇವಿನಲ್ಲಿ ಬೆರೆಸಿ ನೋಡುವ ಧೈರ್ಯವನ್ನು ಪಶುಪೋಷಣ ವಿಜ್ಞಾನಿಗಳು ತೋರಿದ್ದರು.

ಆದರೆ ನಿಜವಾದ ತಿರುವು ಬಂದದ್ದು ಬಾರ್ಲಿಯಿಂದ. ನಮ್ಮ ಹಿರಿಯರು ಜವೆಗೋಧಿಯೆಂದು ಕರೆದ ಈ ಧಾನ್ಯ ಶೀತಪ್ರದೇಶಗಳಲ್ಲಿ ಸಮೃದ್ಧವಾಗಿ ಬೆಳೆಯುವುದಾದರೂ, ಅದನ್ನು ಹೆಚ್ಚಾಗಿ ತಿಂದ ಮರಿಗಳು ಕುಂಠಿತವಾಗಿ ಬೆಳೆದು, ಅಂಟಂಟಾದ ಒದ್ದೆ ಹಿಕ್ಕೆ ಹಾಕುತ್ತಿದ್ದವು. ಅಮೆರಿಕದ ವಾಷಿಂಗ್‌ಟನ್ ರಾಜ್ಯದಲ್ಲಿ ಫ್ರೈ, ಜೆನ್ಸೆನ್, ಮ್ಯಾಕ್‌ಗಿನಿಸ್ ಮೊದಲಾದವರು 1950ರ ದಶಕದ ಉತ್ತರಾರ್ಧದಲ್ಲಿ ನಡೆಸಿದ ಪ್ರಯೋಗಗಳಲ್ಲಿ ಒಂದು ವಿಚಿತ್ರ ಸಂಗತಿ ಕಂಡಿತು: ಬಾರ್ಲಿಯನ್ನು ಬರಿಯ ನೀರಿನಲ್ಲಿ ನೆನೆಸಿ ಮತ್ತೆ ಒಣಗಿಸಿ ಕೊಟ್ಟರೆ ಮರಿಗಳು ಚೆನ್ನಾಗಿ ಬೆಳೆಯುತ್ತಿದ್ದವು, ನೆನೆಸದೆ ಕಿಣ್ವವನ್ನು ಬೆರೆಸಿಕೊಟ್ಟರೂ ಅದೇ ಫಲ. ನೀರಿಗೆ ಪುಷ್ಟಿಯಿಲ್ಲ, ಕಿಣ್ವಕ್ಕೂ ಪುಷ್ಟಿಯಿಲ್ಲ. ಹಾಗಾದರೆ ಎರಡೂ ಮಾಡಿದ್ದು ಏನು? ರಾಗಿಯನ್ನು ನೆನೆಹಾಕಿ ಮೊಳಕೆ ಕಟ್ಟಿ ಹಸುಗೂಸಿಗೆ ಹಿಟ್ಟು ಮಾಡುವ ನಮ್ಮ ತಾಯಂದಿರಿಗೆ ಈ ಪ್ರಶ್ನೆ ಅಷ್ಟೊಂದು ವಿಚಿತ್ರವೆನಿಸಲಾರದು. ನೀರು ಸೋಕಿದೊಡನೆ ಕಾಳಿನೊಳಗಿನ ಕಿಣ್ವಗಳೇ ಎಚ್ಚತ್ತು ಕೆಲಸಕ್ಕೆ ತೊಡಗುತ್ತವೆ. ಬಾರ್ಲಿಯ ದೋಷಕ್ಕೆ ಅದರ ಬೀಟಾ-ಗ್ಲೂಕಾನ್ ಎಂಬ ಅಂಟಾದ ನಾರಿನಂಶವೇ ಕಾರಣವೆಂಬುದು 1960ರ ದಶಕದಲ್ಲಿ ಸ್ಪಷ್ಟವಾಯಿತು. ಆದರೂ ಅಗ್ಗದ ಬೆಲೆಯಲ್ಲಿ ಕಿಣ್ವವನ್ನು ತಯಾರಿಸುವ ಕೈಗಾರಿಕೆ ಬೆಳೆಯುವ ತನಕ ಈ ತಿಳಿವು ಕಾದಿರಬೇಕಾಯಿತು. ಬಾರ್ಲಿಯೇ ಮುಖ್ಯ ಮೇವಾಗಿದ್ದ ಫಿನ್‌ಲೆಂಡಿನಲ್ಲಿ 1984ರಲ್ಲಿ ಬೀಟಾ-ಗ್ಲೂಕನೇಸ್ ಬೆರೆಸಿದ ಕೋಳಿಯಾಹಾರ ವ್ಯಾಪಾರಕ್ಕೆ ಬಂದಿತು. ಅದರ ಹಿಂದೆಯೇ ಗೋಧಿಯ ಅರಾಬಿನೋಕ್ಸೈಲಾನ್ ಎಂಬ ನಾರನ್ನು ಒಡೆಯುವ ಕ್ಸೈಲನೇಸ್ ಯೂರೋಪಿನಲ್ಲಿಯೂ ಆಸ್ಟ್ರೇಲಿಯದಲ್ಲಿಯೂ ಹರಡಿತು.

ಈ ನಾರುಗಳ ಉಪದ್ರವ ಎರಡು ಬಗೆಯದು. ಜೀವಕೋಶದ ಗೋಡೆಯಾಗಿ ನಿಂತು ಒಳಗಿನ ಪಿಷ್ಟವನ್ನೂ ಪ್ರೋಟೀನನ್ನೂ ಜೀರ್ಣರಸಕ್ಕೆ ಸಿಗದಂತೆ ಮರೆಮಾಡುವುದು ಒಂದು. ನೀರಿನಲ್ಲಿ ಕರಗಿದ ಉದ್ದುದ್ದನೆಯ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಕರುಳಿನ ದ್ರವವನ್ನು ಗಂಜಿಯಂತೆ ದಪ್ಪವಾಗಿಸಿ, ಜೀರ್ಣರಸಗಳು ಆಹಾರದೊಡನೆ ಕಲೆಯದಂತೆಯೂ ಜೀರ್ಣವಾದದ್ದು ಕರುಳಿನ ಭಿತ್ತಿಯನ್ನು ಮುಟ್ಟದಂತೆಯೂ ತಡೆಯುವುದು ಇನ್ನೊಂದು. ಎಲ್ಲಕ್ಕಿಂತ ಹೆಚ್ಚಾಗಿ ಬಾಧೆಗೊಳಗಾಗುವುದು ಕೊಬ್ಬಿನ ಜೀರ್ಣಕ್ರಿಯೆ. ಜೀರ್ಣವಾಗದೆ ಕೆಳಗಿಳಿದ ಆಹಾರವನ್ನು ಆಶ್ರಯಿಸಿ ಬ್ಯಾಕ್ಟೀರಿಯಗಳು ಮಿತಿಮೀರಿ ಬೆಳೆಯುತ್ತವೆ. ಹಿಕ್ಕೆ ಒದ್ದೆಯಾಗಿ, ನೆಲದ ಮೇಲಿನ ಭತ್ತದ ಹೊಟ್ಟಿನ ಹಾಸು ಕೆಟ್ಟು, ಅಮೋನಿಯದ ಘಾಟು ಏಳುತ್ತದೆ. ಹಕ್ಕಿಗಳ ಅಂಗಾಲು ಹುಣ್ಣಾಗುತ್ತದೆ. ಕಿಣ್ವವು ಆ ಎಳೆಯನ್ನು ನಡುವೆ ಅಲ್ಲಲ್ಲಿ ಕತ್ತರಿಸಿದರೆ ಸಾಕು, ಗಂಜಿ ತಿಳಿಯಾಗುತ್ತದೆ. ಕಿಣ್ವವು ನಾರನ್ನು ಸಕ್ಕರೆಯಾಗಿ ಪರಿವರ್ತಿಸಿ ಹಕ್ಕಿಗೆ ಉಣಿಸುತ್ತದೆ ಎಂದು ಹಲವರು ತಿಳಿದಿರುವುದುಂಟು, ಅದು ಸರಿಯಲ್ಲ. ಕ್ಸೈಲೋಸ್, ಅರಾಬಿನೋಸ್ ಎಂಬ ಆ ಸಕ್ಕರೆಗಳನ್ನು ಕೋಳಿ ಅತಿ ಅಸಮರ್ಪಕವಾಗಿ ಬಳಸಿಕೊಳ್ಳುತ್ತದೆ, ಹೆಚ್ಚಾದರೆ ಅವು ಬೆಳವಣಿಗೆಗೆ ತೊಡಕೂ ಆಗುತ್ತವೆ. ಪ್ರಯೋಜನವಿರುವುದು ತುಂಡರಿಸುವುದರಲ್ಲಿ, ಪುಡಿಗಟ್ಟುವುದರಲ್ಲಲ್ಲ. ಹೀಗೆ ತುಂಡಾದ ಕಿರಿಯ ಸರಪಳಿಗಳು ಅಂಧಕರುಳನ್ನು ಸೇರಿ ಅಲ್ಲಿನ ಹಿತಕರ ಸೂಕ್ಷ್ಮಜೀವಿಗಳಿಗೆ ಆಹಾರವಾಗುವುದು ಒಂದು ಉಪಲಾಭ.

ಇಂಥ ನಾರುಭಂಜಕ ಕಿಣ್ವಗಳ ಮುಖ್ಯ ಮೂಲಗಳಲ್ಲೊಂದಾದ ಟ್ರೈಕೋಡರ್ಮ ರೀಸೈ ಎಂಬ ಬೂಷ್ಟಿನ ಚರಿತ್ರೆ ಕುತೂಹಲಕರವಾದದ್ದು. ಎರಡನೆಯ ಮಹಾಯುದ್ಧದಲ್ಲಿ ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪಗಳಲ್ಲಿ ಬೀಡುಬಿಟ್ಟಿದ್ದ ಅಮೆರಿಕದ ಸೈನ್ಯದ ಹತ್ತಿಯ ಡೇರೆಗಳೂ ಕ್ಯಾನ್ವಾಸ್ ಸಾಮಗ್ರಿಗಳೂ ಮಳೆಗಾಡಿನ ತೇವದಲ್ಲಿ ಬಲುಬೇಗ ಕೊಳೆತು ಹರಿಯುತ್ತಿದ್ದುದರ ಕಾರಣವನ್ನು ಶೋಧಿಸಹೊರಟಾಗ ಈ ಬೂಷ್ಟು ಸಿಕ್ಕಿತು. ಎಲ್ವಿನ್ ರೀಸ್ ಮತ್ತು ಅವರ ಸಹೋದ್ಯೋಗಿಗಳು ಅದನ್ನು ದೀರ್ಘಕಾಲ ಅಧ್ಯಯನಮಾಡಿದರು. ರೀಸೈ ಎಂಬುದು ಅವರ ಗೌರವಾರ್ಥವಾಗಿ ಬಂದ ಹೆಸರು. ಡೇರೆಗಳನ್ನು ಉಳಿಸುವುದಕ್ಕಾಗಿ ಹುಡುಕಿದ ಶತ್ರು ಮುಂದೆ ಮರದ ನಾರಿನಿಂದ ಹಿಡಿದು ಕೋಳಿಯ ಮೇವಿನವರೆಗೆ ಎಲ್ಲ ಬಗೆಯ ನಾರನ್ನೂ ಒಡೆಯುವ ಕೂಲಿಯಾಳಾಯಿತು.

ಮೇಲೆ ಹೇಳಿದ್ದೆಲ್ಲ ಬಾರ್ಲಿ, ಗೋಧಿ, ರೈ ಧಾನ್ಯಗಳನ್ನು ಕೋಳಿಗೆ ಹಾಕುವ ದೇಶಗಳ ಮಾತಾಯಿತು. ಭಾರತದಲ್ಲಿ, ಅದರಲ್ಲಿಯೂ ದಾವಣಗೆರೆ, ಹಾವೇರಿಗಳಂಥ ಜಿಲ್ಲೆಗಳು ಮೆಕ್ಕೆಜೋಳಕ್ಕೆ ಹೆಸರಾಗಿರುವ ಕರ್ನಾಟಕದಲ್ಲಿ, ಬ್ರಾಯ್ಲರ್ ಆಹಾರದ ಬಹುಭಾಗ ಮೆಕ್ಕೆಜೋಳ ಮತ್ತು ಸೋಯಾ ಹಿಂಡಿ. ಮೆಕ್ಕೆಜೋಳದ ನಾರು ಕರುಳಿನಲ್ಲಿ ಅಂಟುಗಟ್ಟುವಂಥದಲ್ಲ. ಆದುದರಿಂದ ಯೂರೋಪಿನಲ್ಲಿ ಕಣ್ಣಿಗೆ ಹೊಡೆದು ಕಾಣುವ ಪರಿಣಾಮ ಇಲ್ಲಿ ಕಾಣದಿದ್ದರೆ ಅದು ಕಿಣ್ವದ ದೋಷವಲ್ಲ, ಸಾಕಣೆದಾರನ ದೋಷವೂ ಅಲ್ಲ. ಅಲ್ಲಿನ ಬೀಗ ಇಲ್ಲಿಲ್ಲ. ಇಲ್ಲಿರುವ ಬೀಗದ ಹೆಸರು ಫೈಟಿಕ್ ಆಮ್ಲ. ಈ ಕಾರಣದಿಂದ ನಮ್ಮ ದೇಶದ ಮಟ್ಟಿಗೆ ಆಹಾರಕಿಣ್ವಗಳಲ್ಲಿ ಅಗ್ರಸ್ಥಾನ ಈ ಆಮ್ಲವನ್ನು ಒಡೆಯುವ ಫೈಟೇಸಿಗೆ ಸಲ್ಲಬೇಕೆಂದು ಈ ಲೇಖಕನ ಅಭಿಪ್ರಾಯ.

ಬೀಜವು ಮುಂದೆ ಮೊಳೆಯುವಾಗ ಬೇಕಾಗುವ ರಂಜಕವನ್ನು ಇನಾಸಿಟಾಲ್ ಎಂಬ ಉಂಗುರದ ಸುತ್ತ ಆರು ಫಾಸ್ಫೇಟುಗಳಾಗಿ ಕಟ್ಟಿ ಶೇಖರಿಸಿಡುತ್ತದೆ. ಇದೇ ಫೈಟಿಕ್ ಆಮ್ಲ. ಅದರ ತೂಕದಲ್ಲಿ ಶೇಕಡ 28ರಷ್ಟು ರಂಜಕವೇ. ಮೆಕ್ಕೆಜೋಳದ ಒಟ್ಟು ರಂಜಕದಲ್ಲಿ ಮೂರನೆಯ ಎರಡು ಪಾಲಿಗಿಂತ ಹೆಚ್ಚೂ, ಸೋಯಾ ಹಿಂಡಿಯಲ್ಲಿ ಅರ್ಧಕ್ಕಿಂತ ಹೆಚ್ಚೂ ಈ ರೂಪದಲ್ಲಿದೆ. ಎಣ್ಣೆ ತೆಗೆದ ಅಕ್ಕಿಯ ತೌಡಿನಲ್ಲಂತೂ ಇದರ ರಾಶಿಯೇ ಇದೆ. ಕೋಳಿಯ ಕರುಳಿನಲ್ಲಿ ಫೈಟೇಸ್ ಇಲ್ಲವೆನ್ನುವಷ್ಟು ಅಲ್ಪವಾದ್ದರಿಂದ ಈ ರಂಜಕದ ಹೆಚ್ಚಿನ ಭಾಗ ಹಕ್ಕಿಗೆ ದಕ್ಕದು. ಅಷ್ಟೇ ಅಲ್ಲದೆ, ಸಣ್ಣ ಕರುಳನ್ನು ತಲುಪಿದಾಗ ಫೈಟಿಕ್ ಆಮ್ಲವು ಕ್ಯಾಲ್ಸಿಯಂ, ಸತು, ಕಬ್ಬಿಣಗಳನ್ನೂ ಕೆಲಮಟ್ಟಿಗೆ ಪ್ರೋಟೀನನ್ನೂ ಹಿಡಿದುಕೊಂಡು ತಾನೂ ಕೆಡುತ್ತದೆ, ಅವನ್ನೂ ಕೆಡಿಸುತ್ತದೆ. ಆದುದರಿಂದ ಮೂಳೆಗಳ ಬೆಳವಣಿಗೆಗಾಗಿ ಖನಿಜರೂಪದ ಡೈಕ್ಯಾಲ್ಸಿಯಂ ಫಾಸ್ಫೇಟನ್ನು, ಎಂದರೆ ಫೀಡ್ ಮಿಲ್ಲಿನವರು ಡಿಸಿಪಿ ಎನ್ನುವ ಬಿಳಿಯ ಪುಡಿಯನ್ನು, ಪ್ರತ್ಯೇಕವಾಗಿ ಹಾಕಬೇಕಾಗುತ್ತದೆ. ಕಾಳಿನಲ್ಲಿ ರಂಜಕವಿದ್ದೂ ಅದನ್ನು ಹಿಕ್ಕೆಗೆ ಬಿಟ್ಟು, ಅನ್ಯದೇಶಗಳ ಗಣಿಗಳಿಂದ ತರಿಸಿದ ಕಲ್ಲಿನ ರಂಜಕವನ್ನು ಹಣ ತೆತ್ತು ಸೇರಿಸುವ ಈ ಏರ್ಪಾಡು ಯಾವ ದೃಷ್ಟಿಯಿಂದಲೂ ಸಮಾಧಾನಕರವಲ್ಲ. ಫಾಸ್ಫೇಟಿನ ಅಗತ್ಯದ ಹೆಚ್ಚಿನ ಪಾಲನ್ನು ಆಮದಿನಿಂದಲೇ ಪೂರೈಸಿಕೊಳ್ಳುವ ನಮ್ಮ ದೇಶಕ್ಕೆ ಅದು ಮತ್ತಷ್ಟು ಹೊರೆ.

ಫೈಟಿಕ್ ಆಮ್ಲವನ್ನು ಒಡೆಯುವ ಕಿಣ್ವ ಮೊದಲು ಕಂಡದ್ದು ತೌಡಿನಲ್ಲಿಯೇ. ಜಪಾನಿನ ಉಮೆತಾರೊ ಸುಜುಕಿ ಮತ್ತು ಅವನ ಸಂಗಡಿಗರು 1907ರಲ್ಲಿ ಅಕ್ಕಿಯ ತೌಡಿನಿಂದ ಅದನ್ನು ಪಡೆದು ಫೈಟೇಸ್ ಎಂದು ಹೆಸರಿಟ್ಟರು. ಕಿಣ್ವವು ಬಿಡಿಸಿದ ಫಾಸ್ಫೇಟನ್ನು ನೀಲಿಬಣ್ಣವಾಗಿಸಿ ಅಳೆಯುವ ವಿಧಾನವನ್ನು ಜಗತ್ತಿನ ಪ್ರಯೋಗಶಾಲೆಗಳಿಗೆ ಕೊಟ್ಟವರಲ್ಲಿ ಒಬ್ಬರು ಭೀಮವರಂನಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾವ್. ಹಾರ್ವರ್ಡಿನಲ್ಲಿ ಸೈರಸ್ ಫಿಸ್ಕೆಯೊಡನೆ ಅವರು 1925ರಲ್ಲಿ ಪ್ರಕಟಿಸಿದ ಆ ವಿಧಾನ ಫೈಟೇಸಿನ ಪರೀಕ್ಷೆಗಳಲ್ಲಿ ಬಹುಕಾಲ ಬಳಕೆಯಲ್ಲಿತ್ತು. ಟಿ. ಎಸ್. ನೆಲ್ಸನ್ ಮತ್ತು ಸಂಗಡಿಗರು ಬೂಷ್ಟಿನ ಫೈಟೇಸನ್ನು ಮರಿಗಳಿಗೆ ಉಣಿಸಿ, ಸಸ್ಯದ ರಂಜಕ ಮೂಳೆಗೆ ಇಳಿಯುವುದನ್ನು 1968 ಮತ್ತು 1971ರ ಲೇಖನಗಳಲ್ಲಿ ತೋರಿಸಿಕೊಟ್ಟರು. ಆದರೆ ಆಗ ತಯಾರಿಕೆಯ ವೆಚ್ಚ ದುಬಾರಿ, ಖನಿಜ ಫಾಸ್ಫೇಟ್ ಅಗ್ಗ. ಜ್ಞಾನವಿದ್ದೂ ಬಳಕೆಯಿಲ್ಲದೆ ಇಪ್ಪತ್ತು ವರ್ಷ ಸಂದವು.

ಬಳಕೆಗೆ ದಾರಿ ಮಾಡಿದ್ದು ಕೋಳಿಯ ಹಿತಚಿಂತನೆಗಿಂತ ಹೆಚ್ಚಾಗಿ ನೀರಿನ ಹಿತಚಿಂತನೆ. ಕಿರಿದಾದ ನೆಲದಲ್ಲಿ ಹಂದಿ, ಕೋಳಿಗಳನ್ನು ಒತ್ತೊತ್ತಾಗಿ ಸಾಕುವ ನೆದರ್‌ಲೆಂಡ್ಸ್ ದೇಶದಲ್ಲಿ ಗೊಬ್ಬರದ ರಂಜಕ ಹೊಲಗಳಿಂದ ಹರಿದು ಕಾಲುವೆ ಕೆರೆಗಳಲ್ಲಿ ಪಾಚಿಯನ್ನು ಬೆಳೆಸಿ ನೀರನ್ನು ಕೆಡಿಸುತ್ತಿದ್ದುದರಿಂದ ಸರ್ಕಾರ ನಿರ್ಬಂಧಗಳನ್ನು ವಿಧಿಸಿತು. ಅಲ್ಲಿಯೇ 1991ರಲ್ಲಿ ಮೊದಲ ವಾಣಿಜ್ಯ ಫೈಟೇಸ್ ಮಾರುಕಟ್ಟೆಗೆ ಬಂದಿತು. ಅಮೆರಿಕದಲ್ಲಿ ಚೆಸಪೀಕ್ ಕೊಲ್ಲಿಯ ನೀರು ಕೆಟ್ಟು 1997ರಲ್ಲಿ ಮೀನುಗಳು ಸತ್ತ ಬಳಿಕ, ಮೇರಿಲೆಂಡ್ ರಾಜ್ಯವು 1998ರ ಕಾನೂನಿನಲ್ಲಿ ಕೋಳಿಗಳ ಆಹಾರಕ್ಕೆ ಫೈಟೇಸನ್ನೋ ರಂಜಕವನ್ನು ತಗ್ಗಿಸುವ ಬೇರೆ ದ್ರವ್ಯವನ್ನೋ ಸೇರಿಸುವಂತೆ ವಿಧಿಸಿತು. ಹುಚ್ಚುಹಸುವಿನ ರೋಗದ ಭೀತಿಯಿಂದ ಯೂರೋಪಿನಲ್ಲಿ ಮಾಂಸ-ಮೂಳೆಗಳ ಹಿಟ್ಟು ನಿಷಿದ್ಧವಾದಾಗ ರಂಜಕದ ಇನ್ನೊಂದು ಮೂಲ ಮುಚ್ಚಿ, ಫೈಟೇಸಿನ ಬೇಡಿಕೆ ಮತ್ತೂ ಏರಿತು. ಆಸ್ಪರ್‌ಜಿಲ್ಲಸ್ ಬೂಷ್ಟಿನ ಮೊದಲ ತಲೆಮಾರಿನ ಫೈಟೇಸಿನ ಅನಂತರ ಇ. ಕೋಲೈ, ಬಟಿಯಾಕ್ಸೆಲ್ಲ ಮೊದಲಾದ ಬ್ಯಾಕ್ಟೀರಿಯಗಳ ಫೈಟೇಸುಗಳು ಬಂದಿವೆ. ಆಮ್ಲೀಯ ಜಠರದಲ್ಲಿ, ಫೈಟಿಕ್ ಆಮ್ಲ ಇನ್ನೂ ಕರಗಿದ ಸ್ಥಿತಿಯಲ್ಲಿರುವಾಗಲೇ, ಇವು ಹೆಚ್ಚು ಚುರುಕಾಗಿ ವರ್ತಿಸುತ್ತವೆ.

ಫೈಟೇಸನ್ನು ಅಳೆಯುವುದು ತೂಕದಿಂದಲ್ಲ, ಶಕ್ತಿಯಿಂದ. 37 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ, ಪಿಎಚ್ 5.5ರಲ್ಲಿ, ಸೋಡಿಯಂ ಫೈಟೇಟಿನಿಂದ ನಿಮಿಷಕ್ಕೆ ಒಂದು ಮೈಕ್ರೋಮೋಲ್ ಫಾಸ್ಫೇಟನ್ನು ಬಿಡಿಸುವ ಪ್ರಮಾಣಕ್ಕೆ ಒಂದು ಎಫ್‌ಟಿಯು ಎಂದು ಹೆಸರು. ಗ್ರಾಮಿಗೆ 5000 ಎಫ್‌ಟಿಯು ಇರುವ ಪುಡಿಯನ್ನು ಟನ್ನಿಗೆ 100 ಗ್ರಾಂ ಹಾಕಿದರೆ ಕೆಜಿ ಆಹಾರಕ್ಕೆ 500 ಎಫ್‌ಟಿಯು ಬೀಳುತ್ತದೆ. ಇದರಿಂದ ಟನ್ನಿಗೆ ಐದಾರು ಕೆಜಿಯಷ್ಟು ಡಿಸಿಪಿಯನ್ನು ಉಳಿಸಬಹುದೆಂಬುದು ರೂಢಿಯ ಲೆಕ್ಕ. ಈ ಲೆಕ್ಕವೇ ಅಪಾಯದ ಸ್ಥಳವೂ ಹೌದು. ಕಿಣ್ವದ ನೆಚ್ಚಿಕೆಯಿಂದ ಆಹಾರಸೂತ್ರದಲ್ಲಿ ರಂಜಕವನ್ನು ಕಡಿತಮಾಡಿದ ಮೇಲೆ ಆ ಕಿಣ್ವ ಹಕ್ಕಿಯ ಹೊಟ್ಟೆಯಲ್ಲಿ ಕೆಲಸಮಾಡದೆಹೋದರೆ, ಮೂಳೆ ಮೆತ್ತಗಾಗಿ ಹಕ್ಕಿಗಳು ಕುಂಟತೊಡಗುತ್ತವೆ. ಫೈಟೇಸ್, ಕ್ಸೈಲನೇಸ್, ಪ್ರೋಟೀನುಭಂಜಕ ಪ್ರೋಟಿಯೇಸ್ ಮೂರಕ್ಕೂ ಕೆಲವರು ಉಳಿತಾಯವನ್ನು ಪ್ರತ್ಯೇಕವಾಗಿ ಎಣಿಸಿ ಕೂಡಿಸುವುದುಂಟು. ಒಂದು ಬಿಡಿಸಿದ ಸತ್ತ್ವವನ್ನು ಇನ್ನೊಂದು ಮತ್ತೆ ಬಿಡಿಸಲಾರದಾದ್ದರಿಂದ ಹಾಗೆ ಕೂಡಿಸಿದ ಮೊತ್ತ ಸುಳ್ಳಾಗುತ್ತದೆ.

ಇನ್ನುಳಿದ ಕಿಣ್ವಗಳನ್ನು ಸಂಕ್ಷೇಪವಾಗಿ ಹೇಳಬಹುದು. ಪ್ರೋಟಿಯೇಸ್ ಸೋಯಾ ಹಿಂಡಿಯಂಥ ಆಹಾರಗಳ ಪ್ರೋಟೀನನ್ನು ಒಡೆಯಲು ನೆರವಾಗುತ್ತದೆ. ಹಸಿ ಸೋಯಾದಲ್ಲಿ ಟ್ರಿಪ್ಸಿನನ್ನು ತಡೆಯುವ ದ್ರವ್ಯವಿದ್ದು ಅದು ಹದವಾಗಿ ಬೇಯಿಸಿದಾಗ ನಾಶವಾಗುತ್ತದೆ. ಬೆಂದುದು ಸಾಕೇ ಎಂಬುದನ್ನು ಹಿಂಡಿಯಲ್ಲಿ ಉಳಿದ ಯೂರಿಯೇಸಿನಿಂದ, ಸಮ್ನರ್ ಹರಳುಗಟ್ಟಿಸಿದ ಆ ಕಿಣ್ವದಿಂದಲೇ, ಪರೀಕ್ಷಿಸುತ್ತಾರೆ. ಸರಿಯಾಗಿ ಬೇಯದ ಹಿಂಡಿಗೆ ಪ್ರೋಟಿಯೇಸ್ ಪರಿಹಾರವೆಂದು ನಂಬಿ ಕೂರುವುದಕ್ಕಿಂತ ಒಳ್ಳೆಯ ಹಿಂಡಿಯನ್ನು ಕೊಳ್ಳುವುದು ಲೇಸು. ಮ್ಯಾನನೇಸ್ ಗೋರಿಕಾಯಿ ಬೀಜದ ಹಿಂಡಿ, ಕೊಬ್ಬರಿ ಹಿಂಡಿಗಳಲ್ಲಿರುವ ಮ್ಯಾನಾನ್ ಎಂಬ ನಾರನ್ನು ಒಡೆಯುತ್ತದೆ. ಅಮೈಲೇಸನ್ನು ಎಳೆಯ ಮರಿಗಳ ಆಹಾರಕ್ಕೆ ಸೇರಿಸುವುದುಂಟು.

ಕಿಣ್ವವು ಪ್ರೋಟೀನಾದ್ದರಿಂದ ಉಷ್ಣಕ್ಕೆ ಅಂಜುತ್ತದೆ. ಆಹಾರವನ್ನು ಹಬೆಯಲ್ಲಿ ಹದಗೊಳಿಸಿ ಗುಳಿಗೆ ಮಾಡುವಾಗ ಉಷ್ಣತೆ 80ರಿಂದ 90 ಡಿಗ್ರಿಗೆ ಏರುವುದರಿಂದ, ಉಷ್ಣವನ್ನು ತಾಳುವ ಕಿಣ್ವವನ್ನೋ ರಕ್ಷಾಕವಚ ತೊಡಿಸಿದ ಹರಳನ್ನೋ ಬಳಸಬೇಕು, ಇಲ್ಲವೆ ಗುಳಿಗೆ ತಣಿದ ಮೇಲೆ ದ್ರವರೂಪದಲ್ಲಿ ಸಿಂಪಡಿಸಬೇಕು. ಸುಣ್ಣಕಲ್ಲಿನ ಪುಡಿ ಮಿತಿಮೀರಿದರೆ ಫೈಟೇಸ್ ಕುಗ್ಗುತ್ತದೆ. ನೂರು ಗ್ರಾಂ ಪುಡಿಯನ್ನು ನೇರವಾಗಿ ಟನ್ನಿನ ರಾಶಿಗೆ ಚೆಲ್ಲದೆ, ಮೊದಲು ಕೆಲವು ಕೆಜಿ ಮೆಕ್ಕೆಜೋಳದ ನುಚ್ಚಿನಲ್ಲಿ ಕಲಸಿ ಆಮೇಲೆ ಬೆರೆಸಬೇಕು. ದಿನಕ್ಕೆ ನಲವತ್ತೈವತ್ತು ಗ್ರಾಂ ಮಾತ್ರ ತಿನ್ನುವ ಎಳೆಯ ಮರಿಯ ಕೊಕ್ಕಿಗೂ ಅದರ ಪಾಲು ಸೇರಬೇಕಷ್ಟೆ. ಚೀಲವನ್ನು ಬಿಸಿಲು ತೇವಗಳಿಂದ ದೂರವಿಡುವುದು ಅವಶ್ಯ. ಕಿಣ್ವದ ಧೂಳು ಶ್ವಾಸದೊಡನೆ ಒಳಸೇರಿದರೆ ಕೆಲವರಲ್ಲಿ ಉಬ್ಬಸದಂಥ ಅಲರ್ಜಿ ಹುಟ್ಟಬಹುದಾದ್ದರಿಂದ, ಅದನ್ನು ಬೆರೆಸುವ ಆಳಿಗೆ ಮುಖಕವಚ ಕೊಡುವುದನ್ನು ಯಾವ ಮಿಲ್ಲೂ ಮರೆಯಲಾಗದು. ಮಾಂಸವನ್ನು ತಿನ್ನುವವರಿಗೆ ಇಂಥ ಅಂಜಿಕೆ ಬೇಕಿಲ್ಲ. ಹಕ್ಕಿಯ ಹೊಟ್ಟೆಯಲ್ಲಿ ಕೆಲಸ ಮುಗಿಸಿದ ಕಿಣ್ವ ಇತರ ಪ್ರೋಟೀನುಗಳಂತೆ ತಾನೂ ಜೀರ್ಣವಾಗಿಹೋಗುತ್ತದೆ.

ಕರ್ನಾಟಕಕ್ಕೂ ಕಿಣ್ವಗಳ ಉದ್ಯಮಕ್ಕೂ ಇರುವ ನಂಟು ಹಳೆಯದು. 1978ರಲ್ಲಿ ಬೆಂಗಳೂರಿನಲ್ಲಿ ಕಿರಣ್ ಮಜುಂದಾರ್ ಅವರು ಐರ್ಲೆಂಡಿನ ಸಂಸ್ಥೆಯೊಂದರ ಜೊತೆಗೂಡಿ ಆರಂಭಿಸಿದ ಬಯೋಕಾನ್ ಮೊದಲು ತಯಾರಿಸಿದ್ದು ಪಪ್ಪಾಯಿಯ ಹಾಲಿನಿಂದ ಪಡೆವ ಪಪೇನ್ ಮೊದಲಾದವನ್ನು. ಅದರ ಕಿಣ್ವವಿಭಾಗ 2007ರಲ್ಲಿ ಡೆನ್ಮಾರ್ಕಿನ ನೊವೊಜೈಮ್ಸ್ ಸಂಸ್ಥೆಗೆ ಸೇರಿತು. ಇನ್ನು ಪಶುಪೋಷಣೆಯ ವಿಷಯಕ್ಕೆ ಬಂದರೆ, ಬೆಂಗಳೂರಿನ ಆಡುಗೋಡಿಯಲ್ಲಿ ರಾಷ್ಟ್ರೀಯ ಪಶುಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯಿದೆ. ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಕುಕ್ಕುಟಾಭಿವೃದ್ಧಿ ಸಂಸ್ಥೆಯಿದೆ.

ಬೆಳವಣಿಗೆಯನ್ನು ಉತ್ತೇಜಿಸಲು ಪ್ರತಿಜೀವಕಗಳನ್ನು ಆಹಾರದಲ್ಲಿ ಬೆರೆಸುವುದನ್ನು ಯೂರೋಪಿನ ಒಕ್ಕೂಟ 2006ರ ಜನವರಿ 1ರಿಂದ ನಿಷೇಧಿಸಿದ ಮೇಲೆ ಕಿಣ್ವಗಳ ಕಡೆಗೆ ಹೊಸ ಗಮನ ಹರಿದಿದೆ. ಕಿಣ್ವವು ಔಷಧವಲ್ಲ, ರೋಗಾಣುವನ್ನು ಕೊಲ್ಲುವುದೂ ಇಲ್ಲ. ಆದರೆ ಜೀರ್ಣವಾಗದ ಆಹಾರ ಕೆಳಗರುಳಿಗೆ ಇಳಿಯುವುದು ಕಡಿಮೆಯಾದಂತೆ, ಅದನ್ನು ಆಶ್ರಯಿಸಿ ಕರುಳನ್ನು ಕೊಳೆಸುವ ಕ್ಲಾಸ್ಟ್ರಿಡಿಯಂನಂಥ ಬ್ಯಾಕ್ಟೀರಿಯಗಳಿಗೆ ಮೇವು ತಗ್ಗುತ್ತದೆ. ಈಚಿನ ಸಂಶೋಧನೆಗಳು ಫೈಟೇಸನ್ನು ರೂಢಿಯ ಪ್ರಮಾಣದ ಮೂರು ನಾಲ್ಕು ಪಟ್ಟು ಹಾಕಿ, ಫೈಟಿಕ್ ಆಮ್ಲದ ಆರು ಫಾಸ್ಫೇಟುಗಳನ್ನೂ ಸಾಧ್ಯವಾದಮಟ್ಟಿಗೆ ಕಳಚಿ, ಉಳಿದ ಇನಾಸಿಟಾಲ್ ಹಕ್ಕಿಯ ಬೆಳವಣಿಗೆಗೆ ಹೇಗೆ ಒದಗುತ್ತದೆಂಬುದನ್ನು ಪರಿಶೀಲಿಸುತ್ತಿವೆ.